ಪೌಂಡ್ ಅಂದರೆ ನ

ಪರ್ಸನಲ್ ಕಂಪ್ಯೂಟರ್ ಅಂತ ಬಿಲ್ಲಿನಲ್ಲಿ ಬರೆದಿದ್ದರು.
ಶಿಡ್ಲಘಟ್ಟದ ತಾಲ್ಲೂಕು ಕಚೇರಿ ಎದುರು
ಇದ್ದದ್ದು ಅದೊಂದೇ, ಇಡೀ ಬೀದಿಗೆ.
ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು ಜನ,
ಗೂಡಿನ ಮಾರ್ಕೆಟ್ಟಿಂದ ನೇರ, ಮೈಯೆಲ್ಲ ಹುಳುವಿನ ವಾಸನೆ.
ತಿಥಿ ಕಾರ್ಡು, ಖಾತೆ ಬದಲಾವಣೆ, ಜಾಮೀನು,
ಓಡಿಹೋದ ಮಗಳ ಮೇಲೆ ದೂರು,
ಮರುವಾರ ಅವಳದೇ ಲಗ್ನಪತ್ರಿಕೆ.
ಪರ್ಸನಲ್ ಎಂಬ ಮಾತಿಗೆ
ನನಗೆ ಗೊತ್ತಿದ್ದ ಅರ್ಥ ಅಷ್ಟೇ.

ಆಯುಧಪೂಜೆಗೆ ಅದರ ನೆತ್ತಿಗೆ ಅರಿಶಿನ ಕುಂಕುಮ.
ಕರೆಂಟು ಹೋದರೆ
ಯುಪಿಎಸ್ಸು ಕಿರುಚುವ ಐದು ನಿಮಿಷದೊಳಗೆ
ಉಳಿಸಿಕೊಳ್ಳಬೇಕು, ಉಳಿಯಬೇಕಾದ್ದನ್ನು.

ನಿನ್ನೆ ಪಿಳ್ಳಮ್ಮ ಬಂದರು.
ಎಲೆಅಡಿಕೆ ಚೀಲದಿಂದ ತೆಗೆದರು, ಕಪ್ಪು ಫ್ಲಾಪಿ.
‘ಅಣ್ಣನ ಟ್ರಂಕಿನ ತಳದಾಗಿತ್ತು. ಏನೈತೆ ನೋಡಮ್ಮ.’
ಅಫ್ರೀನ್ ತಿರುಗಿಸಿ ತಿರುಗಿಸಿ ನೋಡಿದಳು:
‘ಎಲ್ಲಿ ತೂರಿಸೋದು ಮೇಡಂ ಇದನ್ನ?’
ನಿಜ, ಈಗಿನವುಕ್ಕೆ ಆ ಬಾಯೇ ಇಲ್ಲ.

ಅಟ್ಟದಿಂದ ಹಳೆಯದನ್ನು ಇಳಿಸಿದೆವು.
ಹಾರ್ಡ್ ಡಿಸ್ಕು ಎರಡು ಸಲ ಸತ್ತು ಹುಟ್ಟಿದ್ದು;
ಹಳೇ ಫಾಂಟು ಹಿಂದಿನ ಜನ್ಮದಲ್ಲೇ ಉಳಿದಿತ್ತು.
ಕಟಕಟ ಎಂದಿತು,
ಬಿಸಿನೀರಲ್ಲಿ ಗೂಡು ಹೊರಳಿಸಿದ ಹಾಗೆ ತಡಕಾಡಿ
ಎಳೆಯ ತುದಿ ಹಿಡಿಯಿತು.

ಪರದೆ ತುಂಬ ಪೌಂಡು, ಯೆನ್ನು,
ವೃತ್ತದೊಳಗೆ ಸೆರೆಸಿಕ್ಕ ಆರ್,
ತಲೆ ಮೇಲೆ ಗೀಟು ಹೊತ್ತ ಎ-ಗಳ ಸಾಲು.
‘ವೈರಸ್ಸು’ ಎಂದಳು ಅಫ್ರೀನ್.
ಅಲ್ಲ, ಕನ್ನಡ.
ಪೌಂಡ್ ಅಂದರೆ ನ. ಯೆನ್ ಅಂದರೆ ಪ.
ಸೆರೆಯಲ್ಲಿರುವ ಆರ್, ಲ.
ಫಾಂಟು ಕೈಕೊಟ್ಟ ಎಷ್ಟೋ ರಾತ್ರಿ
ಹೀಗೇ ತಿದ್ದಿ ತಿದ್ದಿ
ಕಣ್ಣಿಗೆ ಬಾಯಿಪಾಠವಾಗಿತ್ತು.

ಬೆರಳಿಟ್ಟು ಓದಿದೆ:
ಮೂಡಲ ಕಡೆ ಹಿಪ್ಪುನೇರಳೆ ತೋಟ ದ್ಯಾವಪ್ಪನಿಗೆ,
ಪಡುವಲ ಒಂದೆಕರೆ ಬಚ್ಚಪ್ಪನಿಗೆ,
ಬೋರಿನ ನೀರಲ್ಲಿ ಮೂರರಲ್ಲೊಂದು ಪಾಲು
ತಂಗಿ ಪಿಳ್ಳಮ್ಮನಿಗೆ, ಆಕೆ ಇರುವವರೆಗೂ.

‘ರಿಜಿಸ್ಟ್ರಿ ದಿನ ಓದಿ ಹೇಳ್ದಾಗ
ಈ ಸಾಲು ಇರ್ಲಿಲ್ಲ.’

ಇರಲಿಲ್ಲ.
ಹೆಬ್ಬೆಟ್ಟು ಬೀಳುವ ಹಿಂದಿನ ಸಂಜೆ
ಯಾರೋ ಬಂದು ಇದು ಬೇಡ ಅಂದಿರಬೇಕು.
ನಾನು ಒಂದು ಕೀಲಿ ಒತ್ತಿ ಹಿಡಿದಿರಬೇಕು,
ಕರ್ಸರು ಹಿಂದಹಿಂದಕ್ಕೆ ನಡೆದು
ಪಿಳ್ಳಮ್ಮನನ್ನು ನುಂಗಿರಬೇಕು.
ಪುಟಕ್ಕೆ ಹದಿನೈದು ರೂಪಾಯಿ. ತಿದ್ದಿದ್ದಕ್ಕೆ ಎರಡು.
ನನಗೆ ನೆನಪೇ ಇಲ್ಲ.
ಆ ಕಪ್ಪು ಚೌಕಕ್ಕೆ ಇತ್ತು.

‘ಬಿಡಮ್ಮ’ ಅಂದರು, ‘ಆ ಬೋರು ನಿಂತು ಹದಿನೆಂಟು ವರ್ಷ.
ಮಕ್ಕಳು ಬೀಳ್ತಾವೆ ಅಂತ ಕಲ್ಲು ಮುಚ್ಚವ್ರೆ.’
ಸ್ವಲ್ಪ ಹೊತ್ತಿನ ಮೇಲೆ:
‘ನನ್ನೆಸರು ಇರೋ ಕಡೆ ಇನ್ನೊಂದು ಸಲ ಓದು.’

ಮುಂದೆ ಪೆಟ್ಟಿಗೆಯೇ ಇರಲ್ಲ ಅನ್ನುತ್ತಾಳೆ ಅಫ್ರೀನ್,
ಕೀಲಿಮಣೆ ಇರಲ್ಲ, ಪರದೆ ಇರಲ್ಲ,
ಕಿವಿಯಲ್ಲಿ ಕಡಲೆಕಾಳಿನಷ್ಟು ಒಂದು,
ಅಂದದ್ದನ್ನೆಲ್ಲ ಬರೆದುಕೊಳ್ಳುತ್ತೆ,
ನಮ್ಮ ಹಾಗೆ ಅರ್ಧ ತೆಲುಗು ಕಲಸಿ ಮಾತಾಡಿದರೂ.
ಯಾವುದನ್ನೂ ಮರೆಯಲ್ಲ.
ಆಗಲಿ ಅಂದೆ.
ಹಿಂದಿನ ಸಂಜೆ ಬಂದವನು ಪಿಸುಗುಟ್ಟಿದ್ದನ್ನೂ ಬರೆಯುತ್ತಾ?
ಬರೆದರೆ, ಯಾರು ಕೇಳಿದರೆ ತೋರಿಸುತ್ತೆ?
ಅವಳು ವೈರು ಸುತ್ತುತ್ತಿದ್ದಳು.
‘ಅದು ಸೆಟ್ಟಿಂಗ್ಸಲ್ಲಿರುತ್ತೆ ಮೇಡಂ.’

ಪಿಳ್ಳಮ್ಮ ಪ್ರಿಂಟು ಕೇಳಿದರು.
ನಾಳೆ ಬನ್ನಿ, ಕನ್ನಡ ಮಾಡಿಟ್ಟಿರುತ್ತೇನೆ ಅಂದೆ.
‘ಹೆಂಗಿದ್ರೂ ನಂಗೆ ಒಂದೇ ಅಲ್ವಾ. ಹಂಗೇ ಕೊಡು.’

ಪೌಂಡು ಯೆನ್ನು ತುಂಬಿದ ಹಾಳೆಯನ್ನು
ನಾಲ್ಕು ಮಡಿಕೆ ಮಾಡಿ
ಸುಣ್ಣದ ಡಬ್ಬಿ ಪಕ್ಕ ಇಟ್ಟುಕೊಂಡು
ಎಷ್ಟಾಯ್ತು ಅಂದರು.
ನಾನು ಯೋಚಿಸುವ ಮೊದಲೇ
ಬಾಯಿ ಹೇಳಿಬಿಟ್ಟಿತ್ತು:
ಎರಡು ರೂಪಾಯಿ.